‘ಮೇಜರ್’: ಮೇಲೆ ಬರಬೇಡಿ ಅಂದವರ ಸಿನಿಮಾ

ಸೈನಿಕರ ಬಗ್ಗೆ ಬಂದ ಸಿನಿಮಾ ಚೆನ್ನಾಗಿಲ್ಲ ಅನ್ನೋದು ನಮ್ಮಲ್ಲಿ ಕಷ್ಟದ ಕೆಲಸ. ಸೈನಿಕರೇ ಚೆನ್ನಾಗಿಲ್ಲ ಅಂದೆವೇನೋ ಅನ್ನೋ ಹಾಗೆ ಜನ ಮೈಮೇಲೆ ಬರ್ತಾರೆ. ಆದ್ರೂ 2022ರ ‘ಮೇಜರ್’ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಯಾಕಂದ್ರೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ನಮ್ಮೂರಿನವರು.

ಹುಟ್ಟಿದ್ದು ಕೋಳಿಕ್ಕೋಡ್‌ನಲ್ಲಿ, 1977ರಲ್ಲಿ. ಬೆಳೆದದ್ದು, ಓದಿದ್ದು ಬೆಂಗಳೂರಲ್ಲಿ. ತಂದೆ ಇಸ್ರೋದಲ್ಲಿದ್ದವರು. ಸಂದೀಪ್ ಎನ್‌ಡಿಎ ಮುಗಿಸಿ 1999ರಲ್ಲಿ ಬಿಹಾರ ರೆಜಿಮೆಂಟಿನ ಏಳನೇ ಬೆಟಾಲಿಯನ್ ಸೇರಿದರು. ಅಲ್ಲಿಂದ ಮುಂದೆ ಎನ್‌ಎಸ್‌ಜಿ. 2008ರ ನವೆಂಬರ್ 28ರಂದು ಮುಂಬಯಿಯ ತಾಜ್ ಹೋಟೆಲಿನಲ್ಲಿ ತೀರಿಕೊಂಡಾಗ ಅವರಿಗೆ 31 ವರ್ಷ. ಯಲಹಂಕದಲ್ಲಿ ಅವರ ಹೆಸರಿನ ರಸ್ತೆಯಿದೆ. ಸಿನಿಮಾ ಮಾತ್ರ ತೆಲುಗು ಮತ್ತು ಹಿಂದಿಯಲ್ಲಿ ತಯಾರಾಯ್ತು. ಇರಲಿ, ಅದು ಬೇರೆಯೇ ಜಗಳ.

ಮೊದಲು ಒಳ್ಳೆಯದನ್ನ ಹೇಳಿಬಿಡ್ತೀನಿ. ತಂದೆಯಾಗಿ ಪ್ರಕಾಶ್ ರಾಜ್, ತಾಯಿಯಾಗಿ ರೇವತಿ ಈ ಸಿನಿಮಾದ ಜೀವ. ಮಗನನ್ನ ಕಳಕೊಂಡವರ ಸಂಕಟವನ್ನ ಇಬ್ಬರೂ ಅತಿ ಮಾಡದೆ ತೋರಿಸಿದ್ದಾರೆ. ಅಡಿವಿ ಶೇಷ್ ಕೂಡ ಪಾತ್ರವನ್ನ ಶ್ರದ್ಧೆಯಿಂದ ಹೊತ್ತಿದ್ದಾರೆ. ಕೆಲಸಕ್ಕೂ ಸಂಸಾರಕ್ಕೂ ನಡುವೆ ಹೆಂಡತಿಗೆ ಆಗುವ ಒಂಟಿತನವನ್ನೂ ಸಿನಿಮಾ ಮುಚ್ಚಿಡೋದಿಲ್ಲ.

ನನ್ನ ತಕರಾರು ಇರೋದು ತಾಜ್ ಒಳಗಿನ ಕೊನೆಯ ಭಾಗದ ಬಗ್ಗೆ. ಅವರ ಕೊನೆಯ ಮಾತು ಅಂತ ಎಲ್ಲರೂ ನೆನೆಯೋದು ಇಷ್ಟೇ: ಮೇಲೆ ಬರಬೇಡಿ, ನಾನು ನೋಡಿಕೊಳ್ತೀನಿ. ಸಿನಿಮಾಕ್ಕೆ ಕೇಳಿಸಿದ್ದು ಈ ಮಾತಿನ ಎರಡನೇ ಅರ್ಧ. ನಾನು ನೋಡಿಕೊಳ್ತೀನಿ ಅಂದ ತಕ್ಷಣ ಹಿನ್ನೆಲೆ ಸಂಗೀತ ಏರುತ್ತೆ, ಸ್ಲೋ ಮೋಷನ್ ಶುರುವಾಗುತ್ತೆ, ಒಬ್ಬ ಹೀರೋ ಒಂಟಿಯಾಗಿ ಹೊಡೆದಾಡ್ತಾನೆ. ನನಗೆ ಕೇಳಿಸೋದು ಮೊದಲನೇ ಅರ್ಧ. ಮೇಲೆ ಬರಬೇಡಿ ಅನ್ನೋದು ಹೀರೋ ಡೈಲಾಗ್ ಅಲ್ಲ. ತನ್ನ ಹುಡುಗರು ಗುಂಡಿಗೆ ಎದೆ ಕೊಡಬಾರದು ಅಂತ ಅಧಿಕಾರಿಯೊಬ್ಬರು ಕೊಟ್ಟ ಆಜ್ಞೆ ಅದು.

ಅಶೋಕ ಚಕ್ರ ಕೊಡುವಾಗ ಸರ್ಕಾರ ಹೊರಡಿಸಿದ ಪ್ರಶಸ್ತಿ ಪತ್ರ ನಾಲ್ಕೈದು ವಾಕ್ಯದ ಒಣ ಬರಹ. ಒತ್ತೆಯಾಳುಗಳಾಗಿದ್ದ 14 ಮಂದಿಯನ್ನ ಪಾರು ಮಾಡಿದ್ದು, ತಂಡದವರೊಬ್ಬರು ತೀವ್ರವಾಗಿ ಗಾಯಗೊಂಡಾಗ ಎದುರಾಳಿಗಳು ಅಲುಗಾಡದ ಹಾಗೆ ಗುಂಡು ಹಾರಿಸಿ ಆತನನ್ನ ಸುರಕ್ಷಿತ ಜಾಗಕ್ಕೆ ಸೇರಿಸಿದ್ದು, ಆ ಹೊತ್ತಲ್ಲೇ ತಮ್ಮ ಬಲಗೈಗೆ ಗುಂಡು ತಗುಲಿದ್ದು, ಆಮೇಲೂ ಹೋರಾಟ ಬಿಡದಿದ್ದು, ಎಲ್ಲ ಅದರಲ್ಲಿದೆ. ಆ ಒಣ ಬರಹದ ನಡುವೆ ಇರೋದು ಗಾಯಗೊಂಡ ಜೊತೆಗಾರ. ಸಿನಿಮಾದ ನಡುವೆ ಇರೋದು ಹೀರೋ. ವ್ಯತ್ಯಾಸ ಸಣ್ಣದಲ್ಲ.

ಹೀಗೆ ಒಬ್ಬರನ್ನೇ ದೊಡ್ಡದು ಮಾಡಿದ್ರೆ ಏನು ನಷ್ಟ ಅಂತೀರಾ? ಉಳಿದವರು ಮರೆಯಾಗ್ತಾರೆ. ತಾಜ್ ಕಾರ್ಯಾಚರಣೆ ಮುಗಿದದ್ದು 29ರ ಬೆಳಿಗ್ಗೆ, ಸಂದೀಪ್ ಹೋದ ಮೇಲೂ ಒಂದು ದಿನ ಅವರ ಸಂಗಡಿಗರು ಅಲ್ಲೇ ಕಾದಾಡ್ತಿದ್ದರು. ಅದೇ ಎನ್‌ಎಸ್‌ಜಿಯ ಹವಿಲ್ದಾರ್ ಗಜೇಂದರ್ ಸಿಂಗ್ ಬಿಷ್ಟ್ ನಾರಿಮನ್ ಹೌಸ್‌ನಲ್ಲಿ ಪ್ರಾಣ ಕೊಟ್ಟರು, ಅವರಿಗೂ ಅಶೋಕ ಚಕ್ರ ಬಂತು. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು ನಷ್ಟವೂ ಇದೆ. ಸಾಹಸ ನೋಡಿ ಕಣ್ಣು ತುಂಬಿಕೊಂಡ ಮೇಲೆ ಪ್ರಶ್ನೆ ಕೇಳೋಕೆ ಮನಸ್ಸು ಬರಲ್ಲ. ದಾಳಿ ಶುರುವಾದದ್ದು 26ರ ರಾತ್ರಿ. ದೆಹಲಿ ಹತ್ತಿರದ ಮಾನೇಸರ್‌ನಲ್ಲಿದ್ದ ಕಮಾಂಡೋಗಳಿಗೆ ದೊಡ್ಡ ವಿಮಾನ ಚಂಡೀಗಢದಿಂದ ಬರಬೇಕಾಯ್ತು. ಅವರು ಮುಂಬಯಿ ಮುಟ್ಟೋ ಹೊತ್ತಿಗೆ ಬೆಳಗಿನ ಜಾವ. ಎನ್‌ಎಸ್‌ಜಿ ನೆಲೆಗಳು ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾಗೆ ಬಂದದ್ದು ಇಷ್ಟೆಲ್ಲ ಆದಮೇಲೆ, 2009ರಲ್ಲಿ. ವ್ಯವಸ್ಥೆ ತಡವಾಗಿ ಬಂದಾಗ ಅದರ ಬಾಕಿಯನ್ನ ತೀರಿಸೋದು ಮೊದಲು ಮೆಟ್ಟಿಲು ಹತ್ತುವ ಸೈನಿಕರು.

ಸಿನಿಮಾ ನೋಡಬೇಡಿ ಅಂತ ನಾನು ಹೇಳ್ತಿಲ್ಲ. ನೋಡಿ, ಮಕ್ಕಳಿಗೂ ತೋರಿಸಿ. ಆಮೇಲೆ ಆ ಪ್ರಶಸ್ತಿ ಪತ್ರವನ್ನೂ ಒಮ್ಮೆ ಓದಿಸಿ. ಓದೋಕೆ ಒಂದು ನಿಮಿಷ ಸಾಕು.