ಮುದ್ದೆ ಕೋಲು

ಹೊರದೇಶದ ಶಾಲೆಗೆ ಸ್ವಯಂಸೇವೆಯ ಮೇಷ್ಟ್ರಾಗಿ ಹೊರಡುವವರು ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಳ್ಳುತ್ತಾರೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಾದರೆ ನಾನು ಹೇಳುವುದು ಒಂದೇ: ಮುದ್ದೆ ಕೋಲು ಮರೆಯಬೇಡಿ.

ನೋಡಲು ಏನೂ ಅಲ್ಲ, ಮೊಳದುದ್ದದ ಮರದ ತುಂಡು. ಆದರೆ ಎಸರು ಮರಳುವಾಗ ಹಿಟ್ಟನ್ನು ಗುಪ್ಪೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ ಬೇಯಲು ಬಿಟ್ಟು, ಆಮೇಲೆ ಪಾತ್ರೆಯನ್ನು ಅದುಮಿ ಹಿಡಿದು ಗಂಟಾಗದಂತೆ ತೊಳಸುವುದು ಸೌಟಿನಿಂದ ಆಗುವ ಕೆಲಸವಲ್ಲ. ಸೌಟು ಬಾಗುತ್ತದೆ, ಕೋಲು ಬಾಗದು. ಹಳೆಯದಾದಷ್ಟೂ ಅಂಗೈಗೆ ನುಣುಪು.

ಉಗಾಂಡಕ್ಕೆ ಹೋದವರಿಗಂತೂ ಹೊಂದಿಕೊಳ್ಳುವ ಕಷ್ಟ ಅರ್ಧ ಕಡಿಮೆ. ರಾಗಿಯ ತವರೇ ಪೂರ್ವ ಆಫ್ರಿಕದ ಎತ್ತರದ ನೆಲ. ಅಲ್ಲಿನ ‘ಕಾಲೊ’ ನಮ್ಮ ಮುದ್ದೆಗೆ ದಾಯಾದಿ: ರಾಗಿಹಿಟ್ಟಿಗೆ ಹಲವೆಡೆ ಮರಗೆಣಸಿನ ಹಿಟ್ಟು ಬೆರೆಸಿ, ಮರದ ಹುಟ್ಟಿನಿಂದಲೇ ತೊಳಸಿ, ಹೆಣೆದ ಪುಟ್ಟ ಬುಟ್ಟಿಯಲ್ಲಿ ಬಡಿಸುತ್ತಾರೆ. ಮರಗೆಣಸು ಸೇರಿದರೆ ಅಂಟು ಜಾಸ್ತಿ. ಅಪ್ಪಟ ರಾಗಿಯದೇ ಮೇಲು ಅನ್ನುವುದು ನನ್ನ ಪಕ್ಷಪಾತ. ಕೈಯಲ್ಲಿ ಮುರಿದು ಅದ್ದಿ ತಿನ್ನುವುದು ಇಲ್ಲಿಯಂತೆಯೇ. ಬಸ್ಸಾರು ಸಿಗದು, ನಿಜ. ಅದರ ಬದಲು ಶೇಂಗಾ ಅರೆದು ಮಾಡಿದ ಗೊಜ್ಜಿದೆ. ಚಳ್ಳಕೆರೆಯನ್ನು ಎಣ್ಣೆನಗರಿ ಮಾಡಿದ ಜಿಲ್ಲೆಯವರಿಗೆ ಶೇಂಗಾ ಪರಿಚಯ ಮಾಡಿಸಬೇಕೆ?