ಜಾನ್ಸನ್ ಹೆಸರಿನ ಮುಂದಿನ ಸಾಲು

ಮೂಲ: ಜಾನ್ಸನ್ – 47 ನಿಮಿಷ, ಎಸೆತ 23ಕ್ಕೆ 14, ಫ್ರೀ ಥ್ರೋ 14ಕ್ಕೆ 14, ರೀಬೌಂಡ್ 15, ಅಸಿಸ್ಟ್ 7, ಸ್ಟೀಲ್ 3, ಅಂಕ 42.

ಮೂಲಪಾಠ ಇಷ್ಟೇ. 1980ರ ಮೇ 16ರಂದು ಫಿಲಡೆಲ್ಫಿಯಾದಲ್ಲಿ ನಡೆದ, ಬ್ಯಾಸ್ಕೆಟ್‌ಬಾಲಿನ ಎನ್‌ಬಿಎ ಫೈನಲ್ಸ್‌ನ ಆರನೆಯ ಪಂದ್ಯದ ಲೆಕ್ಕಪಟ್ಟಿಯಿಂದ ಎತ್ತಿಕೊಂಡ ಸಾಲು ಇದು. ಅಂದು ಲಾಸ್ ಏಂಜಲೀಸ್ ಲೇಕರ್ಸ್ 123–107ರಿಂದ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡವನ್ನು ಮಣಿಸಿ, 4–2ರಿಂದ ಸರಣಿಯನ್ನು ಗೆದ್ದಿತು. ಸಾಲಿನಲ್ಲಿ ಕ್ರಿಯಾಪದವಿಲ್ಲ, ವಿಶೇಷಣವಿಲ್ಲ. ಇರುವುದು ಒಂದು ಹೆಸರು, ಕೆಲವು ಅಂಕಿಗಳು. ಆದುದರಿಂದ ಒಂದೊಂದನ್ನೂ ಬಿಡಿಸಿ ನೋಡತಕ್ಕದ್ದು.

‘ಜಾನ್ಸನ್’ ಎಂದರೆ ಅರ್ವಿನ್ ಜಾನ್ಸನ್, ‘ಮ್ಯಾಜಿಕ್’ ಎಂದು ಲೋಕಪ್ರಸಿದ್ಧನಾದವನು. ಆಗ ವಯಸ್ಸು 20. ವೃತ್ತಿಪರ ಆಟಕ್ಕೆ ಅದು ಮೊದಲ ವರ್ಷ. ಎತ್ತರ 6 ಅಡಿ 9 ಅಂಗುಲ. ಪಾಯಿಂಟ್ ಗಾರ್ಡ್ ಎಂಬುದು ಅವನ ಪದವಿ. ಅಂದರೆ ಚೆಂಡನ್ನು ಪುಟಿಸುತ್ತ ಅಂಕಣದ ಆಚೆಗೆ ಕೊಂಡೊಯ್ದು, ಅದು ಯಾರ ಕೈಗೆ, ಯಾವ ಗಳಿಗೆಯಲ್ಲಿ ಸಲ್ಲಬೇಕೆಂದು ನಿರ್ಣಯಿಸುವವನು. ಅಷ್ಟು ಎತ್ತರದವರನ್ನು ಬುಟ್ಟಿಯ ಬುಡದಲ್ಲಿ ನಿಲ್ಲಿಸುವುದೇ ಅಂದಿನ ವಾಡಿಕೆಯಾಗಿತ್ತು. ಇವನು ಚುಕ್ಕಾಣಿ ಹಿಡಿದದ್ದು ವಾಡಿಕೆಗೆ ಹೊರತು. ಈ ಹೊರತೇ ಮುಂದಿನ ಅರ್ಥಗಳಿಗೆಲ್ಲ ಬಾಗಿಲು.

ಅಂಕಿಗಳಿಗೆ ಇಳಿಯುವ ಮೊದಲು ಅಧ್ಯಾಹಾರ ಮಾಡಿಕೊಳ್ಳಬೇಕಾದ ಹೆಸರೊಂದುಂಟು. ಅಧ್ಯಾಹಾರವೆಂದರೆ ಪಾಠದಲ್ಲಿ ಕಾಣದಿದ್ದರೂ ಅರ್ಥ ಕೂಡಿಬರಲು ನಾವೇ ತಂದುಕೊಳ್ಳುವ ಪದ. ಇಲ್ಲಿ ಆ ಪದ ‘ಕರೀಮ್ ಅಬ್ದುಲ್-ಜಬ್ಬಾರ್’. ಆ ಋತುವಿನ ಸರ್ವಶ್ರೇಷ್ಠ ಆಟಗಾರನೆನಿಸಿದ ಈ ಸೆಂಟರ್, ಅಂದರೆ ಬುಟ್ಟಿಯ ಬಳಿಯ ಮುಖ್ಯ ಆಧಾರ, ಎರಡು ದಿನ ಮೊದಲು ಐದನೆಯ ಪಂದ್ಯದಲ್ಲಿ ಕಾಲ ಗಿಣ್ಣು ಉಳುಕಿಸಿಕೊಂಡ. ಆ ನೋವಿನಲ್ಲೇ ಮರಳಿ ಬಂದು 40 ಅಂಕ ಗಳಿಸಿ ತಂಡವನ್ನು ಗೆಲ್ಲಿಸಿದ. ಆದರೆ ಫಿಲಡೆಲ್ಫಿಯಾಕ್ಕೆ ವಿಮಾನ ಹತ್ತಲಾಗಲಿಲ್ಲ. ಕೋಚ್ ಪಾಲ್ ವೆಸ್ಟ್‌ಹೆಡ್ ತೆರವಾದ ಜಾಗಕ್ಕೆ ತನ್ನ ಪಾಯಿಂಟ್ ಗಾರ್ಡನ್ನೇ ಹೆಸರಿಸಿದ. ಪಂದ್ಯಾರಂಭದ ಚೆಂಡೆತ್ತುವಿಕೆಗೆ ನಡುವೃತ್ತಕ್ಕೆ ನಡೆದು ಬಂದವನು ಜಾನ್ಸನ್. ವೆಸ್ಟ್‌ಹೆಡ್ ಕೂಡ ಪರಿಸ್ಥಿತಿ ತಂದಿಟ್ಟ ಕೋಚೇ ಎಂಬುದನ್ನು ಮರೆಯಲಾಗದು. ಋತುವಿನ ಮೊದಲಲ್ಲಿ ಕೋಚ್ ಆಗಿದ್ದ ಜ್ಯಾಕ್ ಮೆಕಿನ್ನಿ ಸೈಕಲ್ಲಿನಿಂದ ಬಿದ್ದು ತೀವ್ರವಾಗಿ ಗಾಯಗೊಂಡದ್ದರಿಂದ ಸಹಾಯಕನಿಗೆ ಆ ಹೊಣೆ ಬಂದಿತ್ತು.

‘47 ನಿಮಿಷ’ ಎಂಬಲ್ಲಿ ಪಂದ್ಯದ ಒಟ್ಟು ಅವಧಿ 48 ಎಂಬುದನ್ನು ಕೂಡಿಸಿಕೊಂಡರೆ ಸಾಕು. ದಣಿವಾರಿಸಿಕೊಳ್ಳಲು ಸಿಕ್ಕದ್ದು ಒಂದೇ ನಿಮಿಷ.

‘23ಕ್ಕೆ 14, 14ಕ್ಕೆ 14’ ಎಂಬ ಜೋಡಿಪದಗಳನ್ನು ಒಟ್ಟಿಗೇ ಓದುವುದು ಯುಕ್ತ. ಮೊದಲನೆಯದು ಆಟದ ನಡುವಿನ ಎಸೆತಗಳ ಲೆಕ್ಕ. ಎರಡನೆಯದು ಎದುರಾಳಿಯ ತಪ್ಪಿಗೆ ದಂಡವಾಗಿ ದೊರೆಯುವ, ಯಾರೂ ಅಡ್ಡ ಬರದ ಎಸೆತಗಳದು. ಈ ದಂಡದ ಎಸೆತಗಳು ಹೆಚ್ಚಾಗಿ ಸಿಗುವುದು ದೂರದಲ್ಲಿ ನಿಂತು ಚೆಂಡು ಹಂಚುವವನಿಗಲ್ಲ, ಬುಟ್ಟಿಯ ಬಳಿ ಮೈಗೆ ಮೈ ತಾಗಿಸಿ ನುಗ್ಗುವವನಿಗೆ. ಹಾಗಾಗಿ ಎರಡನೆಯ 14, ಅಂದು ಅವನು ಎಲ್ಲೆಲ್ಲಿ ಆಡಿದನೆಂಬುದಕ್ಕೆ ಸಾಕ್ಷಿ.

‘ರೀಬೌಂಡ್ 15’. ಬುಟ್ಟಿ ತಪ್ಪಿ ಚಿಮ್ಮಿದ ಚೆಂಡನ್ನು ಕೈವಶ ಮಾಡಿಕೊಳ್ಳುವುದು ರೀಬೌಂಡ್. ಆ ಋತುವಿನಲ್ಲಿ ಜಾನ್ಸನ್ನನ ಸರಾಸರಿ ಪಂದ್ಯಕ್ಕೆ 7.7, ಅಂದು ಅದು ಇಮ್ಮಡಿಯ ಹತ್ತಿರ ಹೋಯಿತು. ಕರೀಮನಿಲ್ಲದ ಜಾಗವನ್ನು ಯಾರಾದರೂ ತುಂಬಲೇಬೇಕಿತ್ತು ಎಂಬುದು ಇದರ ಮೇಲರ್ಥ. ಒಳಗೆ ಇನ್ನೊಂದು ಅರ್ಥ ಅಡಗಿದೆ. ಸಾಮಾನ್ಯ ತಂಡದಲ್ಲಿ ಚೆಂಡನ್ನು ಹಿಡಿದ ಎತ್ತರದವನು ಪಾಯಿಂಟ್ ಗಾರ್ಡನ್ನು ಹುಡುಕಿ ಅವನಿಗೆ ದಾಟಿಸಬೇಕು, ಆಮೇಲೆ ದಾಳಿ ಮೊದಲಾಗಬೇಕು. ಹಿಡಿದವನೇ ಪಾಯಿಂಟ್ ಗಾರ್ಡ್ ಆದರೆ ನಡುವಣ ಒಂದು ಹೆಜ್ಜೆಯೇ ಉಳಿಯಿತು. ಹಿಡಿದ ಕೈಯೇ ಪುಟಿಸುತ್ತ ಓಡುತ್ತದೆ. ಎದುರಾಳಿಗಳು ಹಿಂತಿರುಗಿ ಸಾಲುಗೂಡುವಷ್ಟರಲ್ಲಿ ಚೆಂಡು ಆಚೆ ಬದಿಯಲ್ಲಿರುತ್ತದೆ. ಕೊರತೆಯೊಂದು ವೇಗವಾಗಿ ಮಾರ್ಪಟ್ಟ ಬಗೆ ಇದು.

‘ಅಸಿಸ್ಟ್ 7’. ತಾನು ಕೊಟ್ಟ ಪಾಸಿನಿಂದ ಜೊತೆಗಾರ ನೇರವಾಗಿ ಬುಟ್ಟಿಗೆ ಹಾಕಿದರೆ ಅದು ಅಸಿಸ್ಟ್. ಇಲ್ಲೊಂದು ಶಂಕೆ: ಪಾಯಿಂಟ್ ಗಾರ್ಡನ ಹಿರಿಮೆಯೆಲ್ಲ ಅಸಿಸ್ಟಿನಲ್ಲೇ ಇರುವುದಾದರೆ, ಇಂಥ ಮಹಾಪಂದ್ಯದಲ್ಲಿ ಬರಿಯ ಏಳೇ? ಸಮಾಧಾನ ಹೀಗೆ. ಆ ಋತುವಿನ ಅವನ ಸರಾಸರಿಯೂ 7.3 ಮಾತ್ರ, ಏಕೆಂದರೆ ಲೇಕರ್ಸ್ ತಂಡದಲ್ಲಿ ಚೆಂಡು ನಡೆಸುವ ಇನ್ನೊಬ್ಬನಿದ್ದ. ನಾರ್ಮ್ ನಿಕ್ಸನ್ ಎಂಬ ಆ ಗಾರ್ಡನ ಸರಾಸರಿ 7.8, ಜಾನ್ಸನ್ನನದಕ್ಕಿಂತ ಹೆಚ್ಚೇ. ಒಂದು ಕೆಲಸ ಇಬ್ಬರಲ್ಲಿ ಹಂಚಿಹೋಗಿತ್ತು. ಆದ್ದರಿಂದಲೇ ಒಬ್ಬನನ್ನು ಬುಟ್ಟಿಯ ಬಳಿಗೆ ಕಳಿಸಿದರೂ ಅಂಕಣದ ಮೇಲ್ಭಾಗ ಬರಿದಾಗಲಿಲ್ಲ. 1983ರಲ್ಲಿ ತಂಡ ನಿಕ್ಸನ್ನನನ್ನು ಸ್ಯಾನ್ ಡಿಯಾಗೋ ಕ್ಲಿಪ್ಪರ್ಸ್‌ಗೆ ಬಿಟ್ಟುಕೊಟ್ಟು, ಎಸೆತಗಾರ ಬೈರನ್ ಸ್ಕಾಟ್‌ನನ್ನು ತಂದುಕೊಂಡಿತು. ಹಿಂದಿನ ಋತುವಿನಲ್ಲಿ 10.5 ಇದ್ದ ಜಾನ್ಸನ್ನನ ಅಸಿಸ್ಟ್ ಸರಾಸರಿ 1983–84ರಲ್ಲಿ 13.1ಕ್ಕೆ ಏರಿತು. ಕೈ ಅದೇ, ಕಣ್ಣು ಅದೇ. ಪಕ್ಕದಲ್ಲಿ ನಿಂತವನು ಬದಲಾಗಿದ್ದ. ಆದುದರಿಂದ ಈ ಏಳನ್ನು ಸಾಮರ್ಥ್ಯದ ಅಳತೆಯೆಂದು ಹಿಡಿಯುವುದು ತಪ್ಪು. ಅದು ಹಂಚಿಕೆಯ ಅಳತೆ.

‘ಸ್ಟೀಲ್ 3’, ಎಂದರೆ ಮೂರು ಸಲ ಎದುರಾಳಿಯಿಂದ ಚೆಂಡು ಕಸಿದ.

‘ಅಂಕ 42’. ಎರಡೆರಡರಂತೆ ಹದಿನಾಲ್ಕು ಎಸೆತಕ್ಕೆ 28, ಒಂದೊಂದರಂತೆ ಹದಿನಾಲ್ಕು ಫ್ರೀ ಥ್ರೋಗೆ 14, ಕೂಡಿದರೆ 42. ಋತುವಿನ ಸರಾಸರಿ 18 ಮಾತ್ರ ಇದ್ದವನ ಮೊತ್ತ ಇದು. ಆದರೆ ಈ ಪದವನ್ನು ಒಂಟಿಯಾಗಿ ಓದಬಾರದು. ಅದೇ ಪಟ್ಟಿಯಲ್ಲಿ ಜಮಾಲ್ ವಿಲ್ಕ್ಸ್ ಹೆಸರಿನ ಮುಂದೆ 37 ಅಂಕ, 10 ರೀಬೌಂಡ್ ಇವೆ. ಕರೀಮನ ಭಾರ ಒಬ್ಬನ ಹೆಗಲಿಗೆ ಬಿದ್ದಿರಲಿಲ್ಲ. ವಿಲ್ಕ್ಸ್‌ನನ್ನು ಮರೆತು ಈ ರಾತ್ರಿಯನ್ನು ಕೊಂಡಾಡುವುದು ಪಾಠಕ್ಕೆ ಮಾಡುವ ಅನ್ಯಾಯ.

ಕರೀಮನಿದ್ದಾಗ ಹಂಚುವವನು, ಇಲ್ಲದಾಗ ಗಳಿಸುವವನು: 42ರ ಈ ಅರ್ಥ ಏಳು ವರ್ಷಗಳ ಬಳಿಕ ಮತ್ತೆ ಕಾಣಿಸಿಕೊಂಡಿತು. 1986–87ರಲ್ಲಿ ಕರೀಮನಿಗೆ ವಯಸ್ಸು 40 ಮುಟ್ಟುತ್ತಿತ್ತು. ಗಳಿಕೆಯ ಹೊಣೆಯನ್ನು ಕೋಚ್ ಪ್ಯಾಟ್ ರೈಲಿ ಜಾನ್ಸನ್ನನಿಗೆ ವಹಿಸಿದ. ಆ ವರ್ಷ ಅವನ ಸರಾಸರಿ 23.9 ಅಂಕ, 12.2 ಅಸಿಸ್ಟ್. ಬಾಸ್ಟನ್ನಿನಲ್ಲಿ ನಡೆದ ಆ ವರ್ಷದ ಫೈನಲ್ಸ್‌ನ ನಾಲ್ಕನೆಯ ಪಂದ್ಯದಲ್ಲಿ, ಕೊನೆಯ ಕ್ಷಣಗಳಲ್ಲಿ, ಒಂದು ಅಂಕ ಹಿಂದಿದ್ದಾಗ ಅವನು ಮೈ ಓರೆಮಾಡಿ, ತೋಳನ್ನು ತಲೆಯ ಮೇಲೆ ಚಾಪದಂತೆ ಬಾಗಿಸಿ, ತಡೆಯಲು ಬಂದ ಉದ್ದನೆಯ ಕೈಗಳ ಮೇಲಿಂದ ಚೆಂಡನ್ನು ತೇಲಿಸಿಬಿಟ್ಟ. ಪಂದ್ಯ 107–106ಕ್ಕೆ ಮುಗಿಯಿತು. ಅದು ಹುಕ್ ಎಂಬ ಎಸೆತ. ಕರೀಮನ ಕೈಯ ಗುರುತು.