ಮೆಟ್ಟಿಲಿಲ್ಲದ ಮನೆ

ಕಳೆದ ವಾರ ಪರಿಚಯದವರೊಬ್ಬರು ಪೆನ್‌ಡ್ರೈವ್ ತಂದು ನನ್ನ ಮೇಜಿನ ಮೇಲಿಟ್ಟರು. ಮೂವತ್ತು-ನಲವತ್ತರ ಸೈಟು, ಯಾರೋ ಬರೆದುಕೊಟ್ಟ ಪ್ಲಾನು. ಅಡುಗೆಮನೆಯನ್ನು ಎರಡಡಿ ಹಿಂದಕ್ಕೆ ಸರಿಸಬೇಕಂತೆ, ಅಷ್ಟೇ. 'ಹತ್ತು ನಿಮಿಷದ ಕೆಲಸ ಅಲ್ವಾ?' ಅಂದರು. ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ಕಡತ ತೆರೆದು ಒಂದು ಗೋಡೆಯನ್ನು ಆರಿಸಿದೆ. ಅದು ಹನ್ನೊಂದು ತುಂಡು ಗೆರೆಗಳಿಂದ ಆಗಿತ್ತು. ಒಂದೊಂದು ಬಗೆಯ ಗೆರೆಯನ್ನು ಬೇರೆ ಬೇರೆ ಇಡುವ ಪದರಗಳ, ಅಂದರೆ ಲೇಯರುಗಳ, ಪಟ್ಟಿ ನೋಡಿದರೆ 'ಸೊನ್ನೆ' ಎಂಬ ಹುಟ್ಟಾ ಇರುವ ಲೇಯರ್ ಬಿಟ್ಟರೆ ಬೇರೆ ಗತಿಯಿಲ್ಲ. ಬಾಗಿಲು, ಕಿಟಕಿ, ಕಮೋಡು, ತುಳಸಿಕಟ್ಟೆ ಎಲ್ಲವೂ ಅದರಲ್ಲೇ ಸಂಸಾರ ಹೂಡಿದ್ದವು. ಹತ್ತು ನಿಮಿಷದ ಕೆಲಸ ಇಡೀ ಮಧ್ಯಾಹ್ನವನ್ನು ನುಂಗಿತು.

ಟೀ-ಸ್ಕ್ವೇರ್ ಹಿಡಿದು ಬೆಳೆದ ಹಿರಿಯರು ಒಂದು ಮಾತು ಹೇಳುತ್ತಿರುತ್ತಾರೆ: ಕಂಪ್ಯೂಟರ್ ಬಂದು ಎಲ್ಲರ ಗೆರೆಯೂ ಒಂದೇ ಆಯಿತು, ಯಾರ ಕೈ ಎಂದು ಗೊತ್ತಾಗುವುದೇ ಇಲ್ಲ. ಪ್ರಿಂಟು ನೋಡಿದರೆ ಹೌದೆನ್ನಿಸುತ್ತದೆ. ಕಡತ ತೆರೆದವನು ಮಾತ್ರ ಒಪ್ಪುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದ ನಾಲ್ಕಾರು ಮಂದಿಯ ಡ್ರಾಯಿಂಗನ್ನು ಹೆಸರು ಮುಚ್ಚಿ ಕೊಟ್ಟರೂ ಯಾರದೆಂದು ಹೇಳಬಲ್ಲೆ. ಒಬ್ಬ ಗೋಡೆಯ ಮೂಲೆಗಳನ್ನು ಕೂದಲೆಳೆಯಷ್ಟೂ ಬಿಡದೆ ಕೂಡಿಸುತ್ತಾನೆ. ಇನ್ನೊಬ್ಬ ಕಣ್ಣಳತೆಯಲ್ಲಿ ತಾಗಿಸಿ ಮುಂದೆ ಹೋಗುತ್ತಾನೆ. ಅಂಥವನ ಗೋಡೆಯೊಳಗೆ ಹ್ಯಾಚ್, ಅಂದರೆ ಗೆರೆಗಳ ವಿನ್ಯಾಸ, ತುಂಬಿಸಲು ಹೊರಟರೆ, ಕಾಣದ ಬಿರುಕು ಅಡ್ಡ ಬಂದು ಸಾಫ್ಟ್‌ವೇರ್ ತುಂಬಲಾರೆನೆಂದು ಮುಷ್ಕರ ಹೂಡುತ್ತದೆ.

ಕೆಲಸ ಬಲ್ಲವನನ್ನು ಗುರುತಿಸಲು ಅವನ ಎಡಗೈ ನೋಡಿದರೆ ಸಾಕು. ಹೊಸಬರು ಬಲಗೈಯ ಮೌಸ್ ಹಿಡಿದು ಮೇಲಿನ ಪಟ್ಟಿಯ ಐಕಾನುಗಳಿಗೆ ಓಡಿ ಓಡಿ ಬರುತ್ತಾರೆ. ಪಳಗಿದವನ ಎಡಗೈ ಕೀಲಿಮಣೆಯ ಮೇಲೆ ಕೂತೇ ಇರುತ್ತದೆ, ಹೆಬ್ಬೆರಳು ಸ್ಪೇಸ್‌ಬಾರ್ ಮೇಲೆ. ಇಲ್ಲಿ ಅದೇ ಎಂಟರ್. ಎಲ್ ಅಂದರೆ ಗೆರೆ, ಸಿ ಅಂದರೆ ವೃತ್ತ, ಓ ಅಂದರೆ ಆಫ್‌ಸೆಟ್. ಎಫ್‌8 ಒತ್ತಿ ಗೆರೆಯನ್ನು ನೆಟ್ಟಗಾಗಿಸಿ, ಮೌಸನ್ನು ಬಲಕ್ಕೆ ತೋರಿಸಿ, 30 ಅಡಿ ಎಂದು ಬರೆದು ಸ್ಪೇಸ್ ಒತ್ತಿದರೆ ಸೈಟಿನ ಅಗಲ ಬಿತ್ತು. ಓ, ಸ್ಪೇಸ್, 9, ಸ್ಪೇಸ್, ಒಂದು ಕ್ಲಿಕ್, ಒಳಗಡೆ ಇನ್ನೊಂದು: ಒಂಬತ್ತಿಂಚಿನ ಗೋಡೆ ಎದ್ದು ನಿಂತಿತು. ಹಾಯ್ದುಹೋದ ಮೂಲೆಗೆ ಫಿಲೆಟ್. ಶಿಫ್ಟ್ ಒತ್ತಿ ಎರಡು ಗೆರೆ ಮುಟ್ಟಿದರೆ ಮೂಲೆ ಚೊಕ್ಕ. ಈ ಲಯ ಕೈಗೆ ಹತ್ತಿದ ಮೇಲೆ ಪರದೆಯಿಂದ ಕಣ್ಣು ತೆಗೆಯಬೇಕಾಗಿಯೇ ಇಲ್ಲ. ರಿಬ್ಬನ್ ಪಟ್ಟಿಯನ್ನು ನಾನು ಮುಚ್ಚಿಟ್ಟಿದ್ದೇನೆ. ಹಟ ಎನ್ನಿ ಬೇಕಾದರೆ.

ಪರದೆಯ ಮೇಲೆ ಗೆರೆ ಎಳೆಯುವ ವಿದ್ಯೆ ಹಳೆಯದೇ. 1963ರಲ್ಲಿ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ತಮ್ಮ ಸ್ಕೆಚ್‌ಪ್ಯಾಡ್‌ನಲ್ಲಿ ಬೆಳಕಿನ ಪೆನ್ನು ಹಿಡಿದು ಅದನ್ನು ಮಾಡಿ ತೋರಿಸಿದ್ದರು. ಆದರೆ ಅದಕ್ಕೆ ಕೋಣೆ ತುಂಬುವ ಯಂತ್ರ ಬೇಕಿತ್ತು. ಜಾನ್ ವಾಕರ್ ಮತ್ತು ಗೆಳೆಯರು 1982ರ ನವೆಂಬರಿನಲ್ಲಿ ಲಾಸ್ ವೇಗಸ್‌ನ ಕಾಮ್‌ಡೆಕ್ಸ್ ಮೇಳದಲ್ಲಿ ಆಟೋಕ್ಯಾಡ್ ಪ್ರದರ್ಶಿಸಿದಾಗ ವಿದ್ಯೆ ಮೇಜಿನ ಮೇಲಿನ ಪಿಸಿಗೆ ಇಳಿಯಿತು. ವಾಕರ್ 2024ರಲ್ಲಿ ತೀರಿಕೊಂಡರು. ಆರಂಭದ ದಿನಗಳಲ್ಲಿ ಅವರ ಕಂಪನಿ ತೋರಿಸುತ್ತಿದ್ದ ಮಾದರಿ ನಕ್ಷೆಯೊಂದು ನನಗೆ ಬಲು ಇಷ್ಟ. ಇಡೀ ಸೌರಮಂಡಲ ನಿಜವಾದ ಅಳತೆಯಲ್ಲಿ! ಹಿಗ್ಗಿಸುತ್ತ ಹಿಗ್ಗಿಸುತ್ತ ಹೋದರೆ ಭೂಮಿ, ಆಮೇಲೆ ಚಂದ್ರ, ಕೊನೆಗೆ ಚಂದ್ರನ ಮೇಲಿಳಿದ ನೌಕೆಯ ಕಾಲಿಗಿದ್ದ ಫಲಕ.

ಡ್ರಾಯಿಂಗ್ ಹಲಗೆಯ ಕಾಲದವರಿಗೆ ಇದರ ರುಚಿ ಚೆನ್ನಾಗಿ ಗೊತ್ತಾಗುತ್ತದೆ. ಅವರು ಕೂತಕೂಡಲೇ ಮಾಡುತ್ತಿದ್ದ ಮೊದಲ ಲೆಕ್ಕ ಸ್ಕೇಲಿನದು: ನೂರಕ್ಕೆ ಒಂದೋ, ಐವತ್ತಕ್ಕೆ ಒಂದೋ. ಕ್ಯಾಡ್‌ನಲ್ಲಿ ಮನೆಯನ್ನು ಮನೆಯಷ್ಟೇ ದೊಡ್ಡದಾಗಿ ಬರೆಯುವುದು. ಕುಗ್ಗಿಸುವ ಯೋಚನೆ ಕಾಗದಕ್ಕೆ ಇಳಿಸುವಾಗ. ಈಗಲೂ ಕೆಲವರು ಗೋಡೆಯನ್ನೇ ಕುಗ್ಗಿಸಿ ಬರೆದು ಕಳಿಸುತ್ತಾರೆ. ಅವರ ಜೊತೆ ಜಗಳವಾಡಿ ಸಾಕಾಗಿದೆ.

ಕಾಗದಕ್ಕೆ ಇಳಿಸುವಾಗಲೇ ಮಾನ ಹೋಗುವುದೂ. ನಾನು ಕಲಿಯುತ್ತಿದ್ದ ಕಾಲದಲ್ಲಿ ಒಂದು ಡ್ಯೂಪ್ಲೆಕ್ಸ್ ಮನೆಯ ಪ್ಲಾನು ಮುಗಿಸಿ, ಹೆಮ್ಮೆಯಿಂದ ಪ್ರಿಂಟ್ ತೆಗೆಸಿ ಯಜಮಾನರ ಮುಂದೆ ಹಾಸಿದೆ. ಅವರು ಬೆರಳಾಡಿಸುತ್ತ ಹಾಲ್, ದೇವರಮನೆ ದಾಟಿ ನಿಂತರು. 'ಎಲ್ಲಾ ಚೆನ್ನಾಗಿದೆ. ಮೇಲಕ್ಕೆ ಹೋಗೋದು ಹೆಂಗೆ?' ಹಾಳೆಯಲ್ಲಿ ಮೆಟ್ಟಿಲೇ ಇರಲಿಲ್ಲ. ಓಡಿಬಂದು ಪರದೆ ನೋಡಿದರೆ ಮೆಟ್ಟಿಲು ಅಲ್ಲೇ ಇದೆ, ಹದಿನೆಂಟಕ್ಕೆ ಹದಿನೆಂಟೂ! ಅಳತೆ ತೋರಿಸುವ ಡೈಮೆನ್ಷನ್ ಹಾಕಿದೊಡನೆ 'ಡೆಫ್‌ಪಾಯಿಂಟ್ಸ್' ಎಂಬ ಲೇಯರ್ ತಾನಾಗಿ ಹುಟ್ಟಿಕೊಳ್ಳುತ್ತದೆ. ಅದರಲ್ಲಿ ಬರೆದದ್ದು ಪರದೆಯಲ್ಲಿ ಕಾಣುತ್ತದೆ, ಪ್ರಿಂಟಾಗುವುದಿಲ್ಲ. ನಾನು ಗಮನಿಸದೆ ಮೆಟ್ಟಿಲನ್ನು ಅದರೊಳಗೇ ಕಟ್ಟಿದ್ದೆ. ಆ ಮನೆಯವರು ಈಗಲೂ ಸಿಕ್ಕಾಗ 'ಏಣಿ ತಂದ್ರಾ?' ಎಂದು ಕೇಳುತ್ತಾರೆ.

ಗೆರೆಯ ದಪ್ಪದ ವಿಚಾರದಲ್ಲಿ ನಾನು ಹಳಬರ ಕಡೆ. ಕತ್ತರಿಸಿ ತೋರಿಸಿದ ಗೋಡೆಗೆ 0.5 ಮಿ.ಮೀ., ಪೀಠೋಪಕರಣಕ್ಕೆ 0.18, ಹ್ಯಾಚ್‌ಗೆ ಅದಕ್ಕಿಂತ ತೆಳು. ಆಗಲೇ ಹಾಳೆ ಉಸಿರಾಡುವುದು. ಇಂಕ್ ಪೆನ್ನುಗಳ ಕಾಲದ ಸರಣಿ ಸುಮ್ಮನೆ ಹುಟ್ಟಿದ್ದಲ್ಲ: 0.18, 0.25, 0.35, 0.5, 0.7, ಒಂದೊಂದೂ ಹಿಂದಿನದರ ಸುಮಾರು 1.4 ಪಟ್ಟು. ಎ2 ಹಾಳೆಗೂ ಎ1 ಹಾಳೆಗೂ ಉದ್ದದಲ್ಲಿರುವ ಅನುಪಾತವೂ ಅದೇ. ಎ1 ನಕ್ಷೆಯನ್ನು ಎ2ಗೆ ಕುಗ್ಗಿಸಿದರೆ 0.5ರ ಗೆರೆ 0.35 ಆಗಿ ಕೂರುತ್ತದೆ, 0.35ರ ಪೆನ್ನಿನಿಂದಲೇ ತಿದ್ದಬಹುದು. ಪೆನ್ ಪ್ಲಾಟರುಗಳು ಬಂದಾಗ ಪರದೆಯ ಒಂದೊಂದು ಬಣ್ಣಕ್ಕೆ ಒಂದೊಂದು ಪೆನ್ನು ಗಂಟುಬಿತ್ತು. ಪ್ಲಾಟರಿನ ಪೆನ್ನುಗಳು ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಎಷ್ಟೋ ಆಫೀಸುಗಳಲ್ಲಿ ಕೆಂಪು ಅಂದರೆ ಇಷ್ಟು ದಪ್ಪ, ಹಳದಿ ಅಂದರೆ ಇಷ್ಟು ಎಂಬ ಲೆಕ್ಕವೇ ನಡೆಯುತ್ತಿದೆ. ಕಪ್ಪು ಪರದೆಯ ಮೇಲಿನ ಆ ಕಾಮನಬಿಲ್ಲು ಅಲಂಕಾರವೆಂದುಕೊಂಡು ಮನಸ್ಸಿಗೆ ಬಂದ ಬಣ್ಣ ಬಳಿದವರ ನಕ್ಷೆ ಪ್ರಿಂಟಾದಾಗ, ಸೋಫಾ ಗೋಡೆಗಿಂತ ದಪ್ಪಗಿರುತ್ತದೆ.

ಆ ಪೆನ್‌ಡ್ರೈವಿನ ಅಡುಗೆಮನೆಗೆ ಬರುತ್ತೇನೆ. ಅಗಲ 10 ಅಡಿ ಎಂದು ಬರೆದಿತ್ತು. ಯಾಕೋ ಅನುಮಾನ ಬಂದು ಡಿ-ಐ ಒತ್ತಿ ಎರಡು ಗೋಡೆಗಳ ನಡುವೆ ಅಳೆದೆ. 9 ಅಡಿ ಏಳೂವರೆ ಇಂಚು. ಡೈಮೆನ್ಷನ್ ಎಂಬುದು ಗೆರೆಯನ್ನು ಅಳೆದು ಅಂಕಿಯನ್ನು ತಾನೇ ಬರೆಯುತ್ತದೆ, ಗೋಡೆ ಸರಿದರೆ ಜೊತೆಗೆ ಅಂಕಿಯೂ ಬದಲಾಗುತ್ತದೆ. ಆದರೆ ಅದರ ಮೇಲೆ ಕೈಯಾರೆ ಬೇರೆ ಅಂಕಿ ಬರೆಯಲೂ ಸಾಧ್ಯ. ಇಲ್ಲಿ ಬರೆದಿದ್ದರು. ನಾಲ್ಕೂವರೆ ಇಂಚಿನ ಗೋಡೆಯೊಂದನ್ನು ಕೊನೆಗಳಿಗೆಯಲ್ಲಿ ಸೇರಿಸಿ, ಉಳಿದದ್ದನ್ನು ಸರಿಸಲು ಬೇಸರಪಟ್ಟು, ಅಂಕಿಯ ಬಾಯಿಗೆ ಸುಳ್ಳು ತುರುಕಿದ್ದರು. ಗೆರೆ ವಕ್ರವಾಗಿದ್ದರೆ ಕ್ಷಮಿಸಬಹುದು, ಇದನ್ನಲ್ಲ. ಮೇಸ್ತ್ರಿ ಗೆರೆಗೆ ಸ್ಕೇಲ್ ಇಟ್ಟು ನೋಡುವುದಿಲ್ಲ, ಅಂಕಿ ಓದಿ ದಾರ ಹಿಡಿಯುತ್ತಾನೆ. ಅಡುಗೆಮನೆಗೆ ಹತ್ತಡಿ ಕೊಟ್ಟು ಮುಂದೆ ಹೋದರೆ ಕೊರತೆಯ ನಾಲ್ಕೂವರೆ ಇಂಚು ಪಕ್ಕದ ಬಚ್ಚಲಿಗೋ ಸೆಟ್‌ಬ್ಯಾಕಿಗೋ ಹೋಗಿ ಬೀಳುತ್ತದೆ, ಅದೂ ಪಾಯ ತೋಡಿದ ಮೇಲೆ. ಪಿಡಿಎಫ್‌ನಲ್ಲಿ ಅಂಕಿ ಅಂಕಿಯಂತೆಯೇ ಕಾಣುತ್ತದೆ; ಕೈಯಾರೆ ಬರೆದದ್ದೆಂಬುದು ಮೂಲ ಕಡತದಲ್ಲಿ ಮಾತ್ರ ತಿಳಿಯುತ್ತದೆ.

ಆದ್ದರಿಂದ ಮನೆ ಕಟ್ಟಿಸುವವರಲ್ಲಿ ಒಂದು ಬಿನ್ನಹ. ಪ್ಲಾನು ಬರೆದವರಿಗೆ ಕೊನೆಯ ಕಂತು ಕೊಡುವಾಗ ಪ್ರಿಂಟಿನ ಜೊತೆ ಆಟೋಕ್ಯಾಡಿನ ಮೂಲ ಡಿಡಬ್ಲ್ಯುಜಿ ಕಡತವನ್ನೂ, ಬೇರೆ ಸಾಫ್ಟ್‌ವೇರುಗಳೂ ಓದಬಲ್ಲ ಅದರದೇ ಡಿಎಕ್ಸ್‌ಎಫ್ ಪ್ರತಿಯನ್ನೂ ಕೇಳಿ ತೆಗೆದುಕೊಳ್ಳಿ. ಡಿಎಕ್ಸ್‌ಎಫ್ ಅನ್ನು ಲಿಬ್ರೆಕ್ಯಾಡ್‌ನಂಥ ಉಚಿತ ಸಾಫ್ಟ್‌ವೇರಿನಲ್ಲೇ ತೆರೆದು, ಹೈಸ್ಕೂಲು ಓದುವ ಮಗಳ ಕೈಯಲ್ಲಿ ಅಡುಗೆಮನೆ, ಬಚ್ಚಲು, ಮೆಟ್ಟಿಲು, ಈ ಮೂರನ್ನು ಅಳೆಸಿ ನೋಡಿ. ಮೇಸ್ತ್ರಿ ಬರುವ ಮುಂಚೆ.